ಪಟ್ಟಿಯ ಕೆಳಗಿನ ಅಕ್ಷರ

ನಮ್ಮ ಮನೆಯ ಟಿ.ವಿ. ತೆರೆಯ ಕೆಳಭಾಗದಲ್ಲಿ ಒಂದು ಪಟ್ಟಿ ಓಡುತ್ತದೆ. ನಿಮ್ಮ ಮನೆಯಲ್ಲೂ ಓಡುತ್ತಿರಬಹುದು. ಯಾವ ಚಾನೆಲ್ ಹಾಕಿದರೂ ಅದರ ಮೇಲೆ ನಮ್ಮ ಓಣಿಯ ಕೇಬಲ್ ಮಾಲಕ ತನ್ನದೊಂದು ಪಟ್ಟಿ ಅಂಟಿಸಿರುತ್ತಾನೆ. ಗೋಕುಲ ರಸ್ತೆಯ ಸೋಫಾ ಅಂಗಡಿ, ಬಂಗಾರದ ಅಂಗಡಿ, ಮೂಲವ್ಯಾಧಿಗೆ ಒಂದೇ ದಿನದಲ್ಲಿ ಮುಕ್ತಿ, ಯಾರದೋ ಹುಟ್ಟುಹಬ್ಬ, ಕೈಮುಗಿದು ನಿಂತ ನಾಲ್ಕು ಮೀಸೆಗಳು. ಇಪ್ಪತ್ತು ವರ್ಷ ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ಈಗ ಕಂಡರೆ ಮೈ ಉರಿಯುತ್ತದೆ. ಯಾಕೆ ಎಂದು ಹೇಳುತ್ತೇನೆ. ಹೇಳುವಾಗ ಸಿಟ್ಟು ಬರುತ್ತದೆ, ಬರಲಿ.

ನನ್ನ ಅಕ್ಕನಿಗೆ ಕಿವಿ ಕೇಳುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ಜ್ವರ ಬಂತು, ಹೋಗುವಾಗ ಎರಡೂ ಕಿವಿಗಳನ್ನು ಒಯ್ದಿತು. ಅಷ್ಟರಲ್ಲಿ ಮಾತು ಕಲಿತಿದ್ದಳು, ಓದು ಬರಹ ಬಂದಿತ್ತು. ಹೀಗಾಗಿ ಮಾತಾಡುತ್ತಾಳೆ, ಸ್ವಲ್ಪ ಗಟ್ಟಿಯಾಗಿ, ಏರಿಳಿತವಿಲ್ಲದೆ. ನಮ್ಮ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾಳೆ, ಉಳಿದರ್ಧ ಊಹಿಸುತ್ತಾಳೆ. ಮದುವೆಯಾಗಲಿಲ್ಲ, ಗೋಪನಕೊಪ್ಪದ ನಮ್ಮ ಮನೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ವಾಲ್ವುಗಳನ್ನು ತಪಾಸಣೆ ಮಾಡುವ ಕೆಲಸ ಅವಳದು. ಅಲ್ಲಿನ ಯಂತ್ರಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದು, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಹೊಸದಾಗಿ ಸೇರಿದವರಿಗೆ ಆ ಸನ್ನೆಗಳನ್ನು ಕಲಿಸುವವಳು ಅಕ್ಕನೇ. ಬಸ್ಸಿಳಿದು ಮನೆಗೆ ಬಂದ ಮೇಲೆ ಮಾತ್ರ ಅವಳು ಕಿವುಡಿಯಾಗುತ್ತಾಳೆ.

ಮನೆಯಲ್ಲಿ ಅವಳೊಡನೆ ನೆಟ್ಟಗೆ ಮಾತಾಡುತ್ತಿದ್ದವರು ಒಬ್ಬರೇ, ನಮ್ಮ ಅಪ್ಪ. ಅಪ್ಪ ಹತ್ತಿ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದರು. ಹಳೆಯ ಕಾಲದ ದಲಾಲರು ಎದುರುಬದುರು ಕೂತು, ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನೊಬ್ಬರು ಒತ್ತಿ ದರ ಗೊತ್ತುಮಾಡುತ್ತಿದ್ದರು. ಬಾಯಿ ಬಿಡುವ ಹಾಗೇ ಇಲ್ಲ. ಆ ಬೆರಳಿನ ಮಾತನ್ನು ಅಪ್ಪ ಮನೆಗೆ ತಂದು ಅಕ್ಕನಿಗೆ ಕೊಟ್ಟರು. ಇಬ್ಬರೂ ಸೇರಿ ಅದಕ್ಕೆ ಹೊಸ ಹೊಸ ಸನ್ನೆಗಳನ್ನು ಕಟ್ಟಿದರು. ಟಿ.ವಿ.ಯಲ್ಲಿ ಕ್ರಿಕೆಟ್ ನಡೆದಿದ್ದರೆ ಅಪ್ಪನ ಶಾಲಿನ ಕೆಳಗೆ ಅಕ್ಕನ ಕೈ ಇರುತ್ತಿತ್ತು, ನಾವು ಚಪ್ಪಾಳೆ ತಟ್ಟುವ ಹೊತ್ತಿಗೆ ಅವಳೂ ತಟ್ಟುತ್ತಿದ್ದಳು. ಅವ್ವನಿಗೆ ಅದು ಸೇರುತ್ತಿರಲಿಲ್ಲ. "ಮಂದಿ ಮುಂದ ಆಕಿ ಕಡೆಯಿಂದ ಕೈ ಆಡಸಬ್ಯಾಡ್ರಿ, ನಾಳೆ ಲಗ್ನ ಆಗೂ ಹುಡುಗಿ" ಎನ್ನುತ್ತಿದ್ದಳು. ಅದಕ್ಕೇ ಶಾಲು. ಅಪ್ಪ ಪೇಟೆಯಲ್ಲಿ ಮುಚ್ಚಿಟ್ಟು ಮಾಡುತ್ತಿದ್ದುದನ್ನು ಮನೆಯಲ್ಲೂ ಮುಚ್ಚಿಟ್ಟೇ ಮಾಡಬೇಕಾಯಿತು.

ಅಪ್ಪ ಮನೆಯಲ್ಲಿಲ್ಲದಾಗ ಆ ಕೆಲಸ ನನ್ನ ಪಾಲಿಗೆ. ನಮ್ಮ ಮನೆಗೆ ಟಿ.ವಿ. ಬರುವ ಮೊದಲು ಪಕ್ಕದ ಮನೆಗೆ ಸಿನಿಮಾ ನೋಡಲು ಹೋಗುತ್ತಿದ್ದೆವು. "ಅಕ್ಕನ ಬಾಜೂಕ ಕುಂದರು, ಅವರು ಏನೇನ್ ಅಂತಾರ ಹೇಳ್ಕೋತ ಹೋಗು" ಎಂದು ಅವ್ವ ಹೇಳಿ ಕಳಿಸುತ್ತಿದ್ದಳು. ನಾನಾಗ ಆರೇಳು ವರ್ಷದವಳು, ನನಗೆ ಸಿನಿಮಾ ನೋಡುವ ಹಪಾಹಪಿ. ಅಕ್ಕ ಮೊಣಕೈಯಿಂದ ತಿವಿಯುತ್ತಿದ್ದಳು. "ಏನಂದಾ?" ನಾನು "ಏನಿಲ್ಲ" ಎನ್ನುತ್ತಿದ್ದೆ. ಮತ್ತೆ ತಿವಿದರೆ "ಆಮ್ಯಾಲ ಹೇಳತೇನಿ." ತೀರಾ ಕಾಡಿದರೆ ಬಾಯಿಗೆ ಬಂದ ಸುಳ್ಳು. ಒಮ್ಮೆ ನಾಯಕನ ತಾಯಿ ಸಾಯುವ ಮುಂಚೆ ಏನಂದಳು ಎಂದು ಕೇಳಿದ್ದಕ್ಕೆ "ಹಸಿವ್ಯಾಗೇತಿ ಅಂದ್ಲು" ಎಂದುಬಿಟ್ಟೆ. ಮರುದಿನ ಅಕ್ಕ ಶಾಲೆಯಲ್ಲಿ ಗೆಳತಿಯರಿಗೆ ಕಥೆಯನ್ನು ಹಾಗೇ ಹೇಳಿದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದು ಅವಳು ನನ್ನನ್ನು ಹೊಡೆಯಲಿಲ್ಲ. ನಾಲ್ಕು ಬಾರಿಸಿದ್ದರೆ ನನಗೆ ಬುದ್ಧಿ ಬರುತ್ತಿತ್ತೋ ಏನೋ. ಬರಲಿಲ್ಲ. ನಲವತ್ತು ವರ್ಷ ನಾನು ಅವಳಿಗೆ "ಏನಿಲ್ಲ" ಎಂದೇ ಹೇಳುತ್ತ ಬಂದೆ.

ಈಗ ನನ್ನ ಮಗಳ ವಿಷಯ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಅಕ್ಕನದು ಆಗ ಮಧ್ಯಾಹ್ನದ ಪಾಳಿ. ಹಾಗಾಗಿ ಮಗಳ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಬಿಟ್ಟು ಬಂದವಳು ಅಕ್ಕ. ಆ ಹುಡುಗಿ ಈಗ ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ತರಬೇತಿಯಲ್ಲಿದ್ದಾಳೆ. ಹೋದ ವರ್ಷ ಒಂದು ಕನ್ನಡ ಚಾನೆಲ್ಲಿನವರು ಹರೆಯದ ಹುಡುಗ ಹುಡುಗಿಯರಿಂದ ತಮ್ಮ ಮನೆಯವರ ಬಗ್ಗೆ ಮಾತಾಡಿಸುವ ಕಾರ್ಯಕ್ರಮಕ್ಕೆ ಅವಳನ್ನು ಕರೆದರು. ಅವಳು ಒಂದು ಷರತ್ತು ಹಾಕಿದಳು. ನಾನು ಆಡಿದ ಮಾತು ಆಡಿದ ಹಾಗೇ, ಆಡಿದ ಹೊತ್ತಿಗೇ, ಕೆಳಗೆ ಕನ್ನಡ ಅಕ್ಷರದಲ್ಲಿ ಬರಬೇಕು, ಇಲ್ಲದಿದ್ದರೆ ಬರುವುದಿಲ್ಲ. ಅವರು ಹಾಡಿಗೆ ಅಕ್ಷರ ಹಾಕುತ್ತಾರಂತೆ, ಮಾತಿಗೆ ಹಾಕುವ ರೂಢಿ ಇಲ್ಲವಂತೆ. ಗೊಣಗಿದರು, ಕೊನೆಗೆ ಒಪ್ಪಿದರು. ಮಗಳು ದೊಡ್ಡವ್ವನಿಗೆ ಫೋನಿನಲ್ಲಿ ಬರೆದು ಕಳಿಸಿದಳು. "ದೊಡ್ಡವ್ವಾ, ಈ ಸಲ ಯಾರನ್ನೂ ಏನೂ ಕೇಳಬ್ಯಾಡ. ನೀನ ಓದ್ಕೋ."

ಅಕ್ಕ ಅದನ್ನು ಎಷ್ಟು ಸಲ ಓದಿದಳೋ. ಆ ಶನಿವಾರ ಅರ್ಧ ದಿನ ರಜೆ ಹಾಕಿ ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಳು, ಕನ್ನಡಕವನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಸಂಜೆ ಆರಕ್ಕೆ ಕಾರ್ಯಕ್ರಮ, ಐದೂವರೆಗೇ ಕುರ್ಚಿಯನ್ನು ಟಿ.ವಿ. ಮುಂದೆ ಎಳೆದು ಕೂತಳು. ನನ್ನ ಯಜಮಾನರು, ಮೈದುನನ ಸಂಸಾರ, ನಾನು, ಎಲ್ಲರೂ ಅವಳ ಹಿಂದೆ.

ಮಗಳು ತೆರೆಯ ಮೇಲೆ ಬಂದಳು, ಬಾಯಿ ತೆರೆದಳು. ಕೆಳಗೆ ಅಕ್ಷರ ಮೂಡಬೇಕಾದ ಕಡೆ ಸೋಫಾ ಓಡಿತು. ಅದರ ಹಿಂದೆ ಬಂಗಾರದ ಬಳೆ. ಅದರ ಹಿಂದೆ ಮೂಲವ್ಯಾಧಿ. ಪಟ್ಟಿಯ ಮೇಲಂಚಿನಲ್ಲಿ ಅಕ್ಷರಗಳ ತಲೆಕಟ್ಟುಗಳು ಮಾತ್ರ ಹಣಕಿ ಹಾಕುತ್ತಿದ್ದವು. ಅಕ್ಷರ ಇದ್ದವು, ಖಂಡಿತ ಇದ್ದವು, ನಮ್ಮ ಕೇಬಲ್ಲಿನವನ ಪಟ್ಟಿ ಅವುಗಳ ಮೇಲೆ ಮಲಗಿತ್ತು. ಅಕ್ಕ ಮುಂದೆ ಬಾಗಿದಳು, ಎದ್ದು ಹೋಗಿ ಪಟ್ಟಿಯನ್ನು ಬೆರಳಿನಿಂದ ಒರೆಸಿ ನೋಡಿದಳು. ನನಗೆ ಎದೆಯೊಳಗೆ ಕೊಳ್ಳಿ ಇಟ್ಟ ಹಾಗಾಯಿತು. ಅಷ್ಟರಲ್ಲಿ ಮಗಳು ಆಡಿದ ಒಂದು ಮಾತಿಗೆ ನಾನು ಸಿಟ್ಟನ್ನೂ ಮರೆತು ಅತ್ತೆ. ಯಜಮಾನರು ಅತ್ತರು, ಮೈದುನನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ ಹಿಂತಿರುಗಿ ನಮ್ಮ ಮುಖಗಳನ್ನು ನೋಡಿ ಗಾಬರಿಯಾದಳು. ನನ್ನ ರಟ್ಟೆ ಹಿಡಿದು ಅಲುಗಾಡಿಸಿದಳು.

"ಯಾರಿಗೆ ಏನಾತು? ಹುಡುಗಿಗೆ ಏನಾತು?"

"ಏನಿಲ್ಲ, ಆಮ್ಯಾಲ ಹೇಳತೇನಿ" ಎಂದೆ. ನನ್ನ ನಾಲಿಗೆಗೆ ಬರೆ ಎಳೆಯಬೇಕಾಗಿತ್ತು.

ಆಮೇಲೆ ಹೇಳಿದ್ದಾದರೂ ಏನು? "ನಿನ್ನ ಭಾಳ ಹೊಗಳಿದ್ಲು. ಅದಕ್ಕ ಎಲ್ಲಾರಿಗೂ ಅಳು ಬಂತು" ಎಂದೆ. ಹೊಗಳಿದ್ದೂ ಹೌದು. ಅತ್ತದ್ದು ಅದಕ್ಕಲ್ಲ. ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. "ಹತ್ತು ನಿಮಿಷ ಹೊಗಳಿದ್ಲೇನು?" ಎಂದು ಕೇಳಿ, ಕುರ್ಚಿಯನ್ನು ಅದರ ಜಾಗಕ್ಕೆ ಎಳೆದಿಟ್ಟಳು.

ಫೋನಿನಲ್ಲಿ ತೋರಿಸಬಹುದಿತ್ತಲ್ಲ ಎಂದು ನೆಂಟರೆಲ್ಲ ಬುದ್ಧಿ ಹೇಳಿದರು. ತೋರಿಸಿದೆ. ಯಾರೋ ಪುಣ್ಯಾತ್ಮರು ಕಾರ್ಯಕ್ರಮದ ಅಡ್ಡದ ವಿಡಿಯೊವನ್ನು ಫೋನಿನ ಅಳತೆಗೆ ಉದ್ದಕ್ಕೆ ಕತ್ತರಿಸಿ ಎಲ್ಲರಿಗೂ ಕಳಿಸಿದ್ದರು, ಪ್ರತಿ ಸಾಲಿನ ಎರಡೂ ತುದಿಗಳು ಹೋಗಿದ್ದವು. ಮಗಳಿಗೆ ಫೋನ್ ಮಾಡಿ, ಆಡಿದ್ದನ್ನೆಲ್ಲ ಬರೆದು ಕಳಿಸು ಎಂದೆ. ಅವಳು ನನ್ನ ಮಗಳೇ, ಸಿಟ್ಟು ಮೂಗಿನ ತುದಿಯಲ್ಲೇ.

"ಯಾಕ ಬರೀಬೇಕವ್ವಾ? ಟಿ.ವಿ.ಯಾಗ ಬರದೇ ಐತಿ. ಬರೂ ರವಿವಾರ ಹನ್ನೊಂದಕ್ಕ ಮತ್ತ ತೋರಸ್ತಾರ. ನೀ ಪಟ್ಟಿ ತಗಸು. ನಿಮ್ಮೆಲ್ಲಾರ ಜೋಡಿ ಕುಂತು ಆಕಿ ಓದಬೇಕು, ಆಮ್ಯಾಲ ಅಲ್ಲ."

ಸರಿ ಎಂದು ಹೊರಟೆ. ಮೊದಲು ಚಾನೆಲ್ಲಿನವರಿಗೆ ಹೇಳೋಣವೆಂದು ನೋಡಿದರೆ ದೂರು ಕೊಡಲು ಅವರು ಕೊಟ್ಟದ್ದು ಒಂದು ಫೋನ್ ನಂಬರು. ಕಿವಿ ಕೇಳದವರು ದೂರು ಕೊಡಬೇಕಾದರೂ ಫೋನಿನಲ್ಲಿ ಮಾತಾಡಿಯೇ ಕೊಡಬೇಕು. ಆ ನಂಬರಿನಲ್ಲಿ ಸಿಕ್ಕ ಹುಡುಗಿ, ಪಟ್ಟಿ ನಮ್ಮದಲ್ಲ ಮೇಡಂ, ನಿಮ್ಮ ಕೇಬಲ್ಲಿನವರನ್ನು ಕೇಳಿ ಎಂದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಕಾರಿಕೊಂಡಾಗ ನಮ್ಮ ಸಂಗೀತ ಮಾಸ್ತರರು ನಕ್ಕರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. "ನಿಮ್ಮ ಅಕ್ಕಾರಿಗೆ ಮಾತು ಸಿಗೂದಿಲ್ಲ, ನನಗ ಮಾತ ಅಷ್ಟ ಸಿಗತಾವ. ಟಿ.ವಿ.ಯವರು 'ಈ ನಂಬರಿಗೆ ಫೋನ್ ಮಾಡಿ' ಅಂತಾರ. ಯಾವ ನಂಬರಿಗೆ ಅಂತ ಒಮ್ಮಿನೂ ಬಾಯಿಲೆ ಹೇಳೂದಿಲ್ಲ. ಇಪ್ಪತ್ತು ವರ್ಷಾತು ನಾ ಆ ಫೋನ್ ಮಾಡಿಲ್ಲ ನೋಡ್ರಿ." ಅವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತು ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

ಕೇಬಲ್ ಮಾಲಕನ ಆಫೀಸು ನಮ್ಮ ಓಣಿಯ ಕಿರಾಣಿ ಅಂಗಡಿಯ ಮಹಡಿಯ ಮೇಲೆ. ಐವತ್ತು ದಾಟಿದ, ಎಲ್ಲರ ಮನೆಯ ಕಾರ್ಯಕ್ಕೂ ಓಡಿ ಬರುವ ಮನುಷ್ಯ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಅಕ್ಕನನ್ನೂ ಕರೆದುಕೊಂಡು ಹೋದೆ.

"ಬರ್ರಿ ಟೀಚರ್ರ, ಕುಂದರ್ರಿ. ಚಹಾ ತರಸ್ಲೇನು?" ಎಂದ. ಅಕ್ಕನ ಕಡೆ ಒಮ್ಮೆ ನೋಡಿ ನಕ್ಕು, ನನ್ನ ಕಡೆ ತಿರುಗಿದವನು ಆಮೇಲೆ ಅವಳನ್ನು ನೋಡಲೇ ಇಲ್ಲ.

ನಾನು ಪಟ್ಟಿಯ ವಿಷಯ ಹೇಳಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಕೆಳಗ ಅಕ್ಷರ ಬಂದಿದ್ದವೇನ್ರಿ? ಖರೇನ ನನಗ ಗೊತ್ತಿಲ್ಲ. ಅಲ್ಲೆ ಏನೂ ಇರೂದಿಲ್ಲ ಅಂತನ ಪಟ್ಟಿ ಅಲ್ಲೆ ಹಾಕೂದು."

"ಇರತಾವು. ಓದವರೂ ಇರತಾರ. ಇಲ್ಲೆ ಕುಂತಾರಲ್ಲ, ಅವರ ಮುಖಾ ನೋಡಿ ಹೇಳ್ರಿ" ಎಂದೆ.

ಅವನು ಮುಜುಗರದಿಂದ ಮೇಜಿನ ಮೇಲಿನ ಕಾಗದಗಳನ್ನು ಸರಿಸಿದ. "ಅವರಿಗೆ ನೀವ ಹೇಳ್ರಿ ಟೀಚರ್ರ. ರವಿವಾರ ಹನ್ನೊಂದಕ್ಕ ಒಂದ ಜಾಹೀರಾತೂ ಇರೂದಿಲ್ಲ. ಸೋಫಾದವರಿಗೆ, ಬಂಗಾರದವರಿಗೆ ನಾ ತಿಳಿಸಿ ಹೇಳತೇನಿ. ನಮ್ಮ ಓಣಿ ಮಗಳು ಟಿ.ವಿ.ಯಾಗ ಬರೂದಂದ್ರ ಏನ್ ಸಣ್ಣ ಮಾತೇನ್ರಿ?"

ಅಕ್ಕ ಅವನ ತುಟಿ ನೋಡಿ ತಿಳಿದುಕೊಂಡಿದ್ದಳು. "ಭಾಳ ಉಪಕಾರ ಆತ್ರಿ" ಎಂದಳು. ಅವಳ ದನಿಗೆ ಅವನು ಬೆಚ್ಚಿಬಿದ್ದ. ಮಾತು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಒಂದೇ ಓಣಿಯಲ್ಲಿ ಇಪ್ಪತ್ತು ವರ್ಷ!

ರವಿವಾರ ಬಂತು. ಅದೇ ಸೀರೆ, ಅದೇ ಕುರ್ಚಿ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸೋಫಾ ಮಾಯವಾಯಿತು, ಬಳೆ ಮಾಯವಾಯಿತು. ತೆರೆ ತಳದವರೆಗೂ ಸ್ವಚ್ಛವಾಯಿತು. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮಗಳು ಬಂದಳು. ಮೊದಲ ಸಾಲು ಮೂಡಿತು. "ನಮ್ಮ ದೊಡ್ಡವ್ವ" ಎಂದು ಅಕ್ಕ ಗಟ್ಟಿಯಾಗಿ ಓದಿದಳು. ಅಷ್ಟರಲ್ಲಿ ಬಲಗಡೆಯಿಂದ ಹಳದಿ ಬಣ್ಣದ ಹೊಸ ಪಟ್ಟಿಯೊಂದು ಬಂದು, ಹಳೆಯದರ ಎರಡರಷ್ಟು ಅಗಲವಾಗಿ, ನಡುವೆ ನಿಂತುಕೊಂಡಿತು. ಓಡಲೂ ಇಲ್ಲ. ನಮ್ಮ ಓಣಿಯ ಹೆಮ್ಮೆಯ ಕುವರಿಗೆ ಹಾರ್ದಿಕ ಅಭಿನಂದನೆಗಳು, ಶುಭ ಕೋರುವವರು ಕೇಬಲ್ ಬಳಗ. ಎಡಕ್ಕೆ ಕೈಮುಗಿದ ನಾನು ಮತ್ತು ನನ್ನ ಯಜಮಾನರು. ಬಲಕ್ಕೆ ಕೈಮುಗಿದ ಅವನು.

ನಮ್ಮೂರಿನಲ್ಲಿ ಯಾರಿಗಾದರೂ ಒಳ್ಳೆಯದಾದರೆ ಅವರ ಫೋಟೋ ದೊಡ್ಡದು ಮಾಡಿ ಹಾಕಿ ನಾಲ್ಕು ಜನ ಕೈಮುಗಿಯಬೇಕು. ಪಾಸಾದರೆ ಫಲಕ, ಬಡ್ತಿಯಾದರೆ ಫಲಕ, ದವಾಖಾನೆಯಿಂದ ಬದುಕಿ ಬಂದರೂ ಫಲಕ. ಆ ಫಲಕ ಯಾವ ಕಿಟಕಿಗೆ ಅಡ್ಡ ಬರುತ್ತದೆ ಎಂದು ಯಾರೂ ನೋಡುವುದಿಲ್ಲ. ನಾನು ಯಜಮಾನರ ಕಡೆ ತಿರುಗಿದೆ.

"ಅಂವ ಫೋಟೋ ಕೇಳಿದಾ, ಕೊಟ್ಟೆ" ಎಂದರು. "ಪ್ರೀತಿಲೆ ಮಾಡ್ಯಾನ, ಸಿಟ್ಟಿಗೇಳಬ್ಯಾಡ."

"ಅಕ್ಕಂದು?"

"ಅವರದು ಕೇಳಲಿಲ್ಲ ಅಂವ."

ಕಾರ್ಯಕ್ರಮ ನಡೆದೇ ಇತ್ತು. ನಾನು ಫೋನ್ ಮಾಡಿದೆ. ನಾಲ್ಕನೆಯ ಸಲಕ್ಕೆ ಎತ್ತಿದ. "ಹೆಂಗ ಬಂದೈತ್ರಿ ಟೀಚರ್ರ? ಜಾಹೀರಾತು ಒಂದೂ ಇಲ್ಲ ನೋಡ್ರಿ. ಮಾತ ಕೊಟ್ಟಂಗ ನಡಕೊಂಡೇನಿ." ನಾನು ಅವನಿಗೆ ಏನೇನು ಅಂದೆನೋ ಇಲ್ಲಿ ಬರೆಯಲಾರೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು, ಓಣಿಗೆಲ್ಲ ಕೇಳಿಸಿತಂತೆ. ಅವನು "ತಗೀತೇನ್ರಿ, ತಗೀತೇನ್ರಿ" ಎಂದು ಓಡಿದ. ಹಳದಿ ಪಟ್ಟಿ ಹೋಯಿತು. ಮಗಳು ಕೈಜೋಡಿಸುತ್ತಿದ್ದಳು. ಕೆಳಗೆ ಒಂದೇ ಒಂದು ಪದ ಉಳಿದಿತ್ತು.

"ನಮಸ್ಕಾರ" ಎಂದು ಅಕ್ಕ ಗಟ್ಟಿಯಾಗಿ ಓದಿದಳು.

ಅಕ್ಕ ಎದ್ದು ಒಳಗೆ ಹೋಗಿ, ನಾನು ತಿದ್ದಲು ತಂದಿದ್ದ ಉತ್ತರ ಪತ್ರಿಕೆಗಳ ಕಟ್ಟಿನಿಂದ ಎರಡು ಖಾಲಿ ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟಳು.

"ಬರದ ಕೊಡು. ಎಲ್ಲಾ ಬರಿ. ಹೊಗಳಿದ್ಲು ಅಂತ ಬರೀಬ್ಯಾಡ."

ಟಿ.ವಿ.ಯಲ್ಲಿ ಒಮ್ಮೆ, ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೆ, ಬಾಯಿಪಾಠವಾಗಿತ್ತು. ತಲೆ ಬಾಚಿದ್ದು, ಬುತ್ತಿ ಕಟ್ಟಿದ್ದು, ಮಳೆಯಲ್ಲಿ ಕೊಡೆ ಹಿಡಿದು ಶಾಲೆಯ ಬಾಗಿಲಿನಲ್ಲಿ ನಿಂತದ್ದು, ಎಲ್ಲ ಬರೆದೆ. ಆಮೇಲೆ ಬಂದ ಮಾತಿಗೆ ಪೆನ್ನು ನಿಂತಿತು. ಬಿಟ್ಟುಬಿಡೋಣ ಎನಿಸಿತು. ಯಾರಿಗೆ ಗೊತ್ತಾಗುತ್ತದೆ? ಹಾಗೆ ಎನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೇಬಲ್ಲಿನವನ ಮೇಲೆ ಓಣಿ ಕೇಳುವ ಹಾಗೆ ಕೂಗಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ಬರೆದೆ, ಮಗಳು ಆಡಿದ ಹಾಗೇ.

"ನಮ್ಮ ಅಜ್ಜ ಹ್ವಾದ ದಿನ ದವಾಖಾನಿಯಿಂದ ಫೋನ್ ಬಂತು. ನಮ್ಮವ್ವ ಫೋನ್ ಹಿಡಕೊಂಡು ನಿಂತಿದ್ಲು. ದೊಡ್ಡವ್ವ ಏನಾತು ಅಂತ ಕೇಳಿದ್ಲು. ನಮ್ಮವ್ವ ಏನಿಲ್ಲ ಅಂದ್ಲು. ದೊಡ್ಡವ್ವ ಅಜ್ಜಗ ಅಂತ ಗಂಜಿ ಕಾಸಿದ್ಲು, ಡಬ್ಬಿಗೆ ಹಾಕಿದ್ಲು, ಚಪ್ಪಲಿ ಮೆಟ್ಟಿಕೊಂಡು ನಿಂತ್ಲು. ಮನಿ ಮುಂದ ಮಂದಿ ಕೂಡಿದ್ದು ನೋಡಿ ಆಕಿಗೆ ಗೊತ್ತಾತು. ಆವಾಗ ನನಗ ಹನ್ನೊಂದು ವರ್ಷ. ನನಗ ಮೊದಲ ಗೊತ್ತಿತ್ತು. ನಾನೂ ಹೇಳಲಿಲ್ಲ."

ಗಾಬರಿಯಾದಾಳು, ಕೂಡಿಸಿಕೊಂಡು ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡಿದ್ದೆ ಆ ದಿನ. ಹದಿಮೂರು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ನೆಪ ಅದು. ಅವಳ ಬೆರಳು ಹಿಡಿದು ಮಾತಾಡುತ್ತಿದ್ದ ಒಬ್ಬರೇ ಒಬ್ಬರು, ಅಪ್ಪ, ಹೋಗಿದ್ದರು, ಊರಿಗೆಲ್ಲ ತಿಳಿದ ಮೇಲೆ ಅವಳಿಗೆ ತಿಳಿಯಿತು, ಕೈಯಲ್ಲಿ ಬಿಸಿ ಡಬ್ಬಿ ಹಿಡಿದು ನಿಂತಾಗ. ಇದಕ್ಕೆ ಯಾವ ಸೋಫಾ ಅಂಗಡಿಯೂ ಕಾರಣವಲ್ಲ.

ಅಕ್ಕ ಹಾಳೆಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಕೊನೆಯ ಸಾಲಿನಿಂದ ಮತ್ತೆ ಮೇಲಕ್ಕೆ ಹೋಗಿ ಇನ್ನೊಮ್ಮೆ ಓದಿದಳು. ನಾನು ಅವಳ ಕಣ್ಣುಗಳನ್ನೇ ನೋಡುತ್ತಿದ್ದೆ. ಅವು ಒಣಗಿಯೇ ಇದ್ದವು.

"ಇದರಾಗ ಅಳೂದೇನೈತಿ?" ಎಂದಳು. "ಇದು ನನಗ ಗೊತ್ತಿದ್ದದ್ದ. ನಿಮಗ ಟಿ.ವಿ. ನೋಡಿದ ಮ್ಯಾಲ ಗೊತ್ತಾತೇನು?"

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯಲ್ಲಿ ಇಟ್ಟುಕೊಂಡಳು. ಟಿ.ವಿ. ಇನ್ನೂ ನಡೆದೇ ಇತ್ತು, ಯಾರೋ ಸುದ್ದಿ ಓದುತ್ತಿದ್ದ, ಕೆಳಗೆ ಸೋಫಾ ಮತ್ತೆ ಓಡತೊಡಗಿತ್ತು. ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

"ಏನನ್ನಾಕತ್ತಾನ ಅಂವಾ?"

ನಾನು ಕೇಳಿಸಿಕೊಂಡಿರಲಿಲ್ಲ. ಮನಸ್ಸು ಎಲ್ಲೋ ಇತ್ತು. ನನ್ನ ತುಟಿಗಳು ತಾವಾಗಿಯೇ ತೆರೆದು "ಏನಿಲ್ಲ"ದ "ಏ" ಎಂಬಲ್ಲಿಗೆ ಬಂದವು. ನಾನು ತಡೆದುಕೊಂಡೆ, ಆದರೆ ಅಷ್ಟರಲ್ಲಿ ಅವಳು ಓದಿಯಾಗಿತ್ತು. ರಿಮೋಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು.

"ನೀನ ನೋಡು" ಎಂದು ಹೇಳಿ ಅಡುಗೆಮನೆಗೆ ಹೋದಳು.